ಕಟ್ಟಡಕ್ಕೆ ಯಾವ ಸ್ಟ್ರಕ್ಚರ್, ಯಾವ ತಳಪಾಯ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು, ಆರ್ಕಿಟೆಕ್ಚರ್ ಓದುತ್ತಿರುವವರು, ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರ್‌ಗಳು, ಎಲ್ಲರೂ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವ ಅಂಕಿಗಳು ಮೊದಲ ಅಂದಾಜಿಗೆ ಮಾತ್ರ. ನಿಮ್ಮ ಕಟ್ಟಡದ ಲೆಕ್ಕವನ್ನು ನಿಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಮಾಡಿಯೇ ಕೊಡಬೇಕು.

ಮೊದಲು ತೀರ್ಮಾನ ಆಗಬೇಕಾದ್ದು ಯಾವುದು? ಮೇಲಿನ ಸ್ಟ್ರಕ್ಚರಾ, ಕೆಳಗಿನ ತಳಪಾಯವಾ?

ಎರಡೂ ಒಟ್ಟಿಗೆ ಆಗಬೇಕು. ಭಾರ ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ, ಕಂಬದಿಂದ ತಳಪಾಯಕ್ಕೆ, ಅಲ್ಲಿಂದ ಮಣ್ಣಿಗೆ ಇಳಿಯುತ್ತದೆ. ಈ ದಾರಿಯಲ್ಲಿ ಕಾಂಕ್ರೀಟನ್ನು ನಾವು ಆರಿಸಬಹುದು, ಕಂಬಿಯನ್ನು ಆರಿಸಬಹುದು, ಕಂಬ ಎಲ್ಲಿ ಬರಬೇಕು ಅಂತಲೂ ಆರಿಸಬಹುದು. ಮಣ್ಣನ್ನು ಮಾತ್ರ ಆರಿಸೋಕಾಗಲ್ಲ. ಅದು ಮೊದಲೇ ಅಲ್ಲಿದೆ. ಹಾಗಾಗಿ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

ಕೌಲಾಲಂಪುರದ ಪೆಟ್ರೋನಾಸ್ ಅವಳಿ ಗೋಪುರಗಳ ವಿಷಯ ನೋಡಿ. ಮೊದಲು ಗುರುತಿಸಿದ್ದ ಜಾಗದಲ್ಲಿ ಮಣ್ಣು ಪರೀಕ್ಷೆ ಮಾಡಿದಾಗ ನೆಲದಡಿಯ ಬಂಡೆ ಸಮ ಇರಲಿಲ್ಲ, ಒಂದು ಕಡೆ ಕಡಿದಾಗಿ ಇಳಿದಿತ್ತು. ಕಟ್ಟಡದ ಅರ್ಧ ಗಟ್ಟಿ ಬಂಡೆಯ ಮೇಲೆ, ಅರ್ಧ ಮೆತ್ತನೆ ನೆಲದ ಮೇಲೆ ಬರುತ್ತಿತ್ತು. ಕೊನೆಗೆ ಗೋಪುರಗಳ ಜಾಗವನ್ನೇ ಸುಮಾರು 60 ಮೀಟರ್ ಸರಿಸಿದರು. ಕಾಗದದ ಮೇಲಿದ್ದಾಗ ಗೊತ್ತಾದ್ದರಿಂದ ಸರಿಸಲು ಆಯಿತು.

ಆರ್ಕಿಟೆಕ್ಟ್ ಪ್ಲಾನ್ ಪೂರ್ತಿ ಮುಗಿಸಿ ಆಮೇಲೆ ಇಂಜಿನಿಯರ್‌ಗೆ ಕೊಟ್ಟರೆ ಆಗಲ್ವಾ?

ಆಗುತ್ತೆ, ಆದರೆ ಕಟ್ಟಡ ಅದಕ್ಕೆ ದಂಡ ಕಟ್ಟುತ್ತೆ. ಮೇಲಿನ ಮಹಡಿಯ ಕಂಬ ಕೆಳಗಿನ ಹಾಲ್‌ನ ನಟ್ಟನಡುವೆ ಇಳಿಯುತ್ತದೆ. ಅದನ್ನು ತಪ್ಪಿಸಲು ಆ ಕಂಬದ ಭಾರವನ್ನು ಪಕ್ಕದ ಕಂಬಗಳಿಗೆ ದಾಟಿಸುವ ಒಂದು ದೊಡ್ಡ ಟ್ರಾನ್ಸ್‌ಫರ್ ಬೀಮ್ ಬೇಕು. ಆ ಬೀಮ್ ಕೆಳಗಿನ ಕೋಣೆಯ ಎತ್ತರ ತಿನ್ನುತ್ತದೆ. ಅದರ ಎರಡು ತುದಿಯ ಕಂಬಗಳು ದಪ್ಪ ಆಗುತ್ತವೆ, ಅವುಗಳ ಫೂಟಿಂಗ್ (ಕಂಬದ ಬುಡದಲ್ಲಿ ಭಾರವನ್ನು ಮಣ್ಣಿಗೆ ಹರಡುವ ಅಗಲ ಪಾದ) ದೊಡ್ಡದಾಗುತ್ತದೆ, ಪಕ್ಕದ ಫೂಟಿಂಗ್‌ಗೆ ತಾಗುತ್ತದೆ. ಒಂದು ಕಂಬ ಒಂದೂವರೆ ಮೀಟರ್ ಆಚೆ ಇದ್ದಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಕೈಯಲ್ಲಿ ಗೀಚಿದ ಮೊದಲ ಸ್ಕೆಚ್ ಇದ್ದಾಗಲೇ ಅರ್ಧ ಗಂಟೆ ಕೂತು ಮಾತಾಡಿದರೆ ಇದು ತಪ್ಪುತ್ತದೆ.

ಕಟ್ಟಡದ ಮೇಲೆ ಬೀಳುವ ಭಾರ ಅಂದರೆ ಏನೇನು? ಜನ, ಸಾಮಾನು ಅಷ್ಟೇನಾ?

ಜನ, ಸಾಮಾನಿಗಿಂತ ಕಟ್ಟಡದ್ದೇ ಭಾರ ಜಾಸ್ತಿ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಒಂದು ಚದರ ಮೀಟರ್‌ಗೆ ಸುಮಾರು 375 ಕಿಲೋ ತೂಗುತ್ತದೆ. ವಾಸದ ಮನೆಯಲ್ಲಿ ಜನ, ಸಾಮಾನು ಎಲ್ಲ ಸೇರಿ ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯವಾಗಿ 200 ಕಿಲೋ. ಸ್ಲ್ಯಾಬಿನ ಮೇಲೆ ನೆಲಹಾಸು, ಗೋಡೆ, ಪ್ಲಾಸ್ಟರ್ ಎಲ್ಲ ಕೂಡಿಸಿ. ಗೋಡೆ ಸಹಿತ ಕಾಂಕ್ರೀಟ್ ಕಟ್ಟಡ ಪ್ರತಿ ಮಹಡಿಗೆ ಚದರ ಮೀಟರ್‌ಗೆ ಅಂದಾಜು 1ರಿಂದ 1.2 ಟನ್ ಅಂತ ಇಟ್ಟುಕೊಂಡರೆ ಮೊದಲ ಲೆಕ್ಕಕ್ಕೆ ಸಾಕು. ಗ್ರಂಥಾಲಯದ ಪುಸ್ತಕದ ಕಪಾಟುಗಳಿರುವ ಕೋಣೆಗೆ ಮನೆಯ ಮೂರು ಪಟ್ಟು ಸಾಮಾನಿನ ಭಾರ ಹಿಡಿಯಬೇಕಾಗುತ್ತದೆ. ತಾರಸಿ ಮೇಲೆ ತೋಟ, ನೀರಿನ ಟ್ಯಾಂಕ್ ಬರುವುದಿದ್ದರೆ ಮೊದಲೇ ಹೇಳಿಬಿಡಿ. ಒದ್ದೆ ಮಣ್ಣು ನೀವಂದುಕೊಂಡದ್ದಕ್ಕಿಂತ ಭಾರ.

ಇವೆಲ್ಲ ಕೆಳಕ್ಕೆ ಒತ್ತುವ ಭಾರಗಳು. ಗಾಳಿ, ಭೂಕಂಪ ಅಡ್ಡಕ್ಕೆ ತಳ್ಳುತ್ತವೆ. ಅದರ ಮಾತು ಮುಂದೆ ಬರುತ್ತದೆ.

ಭಾರ ಹೊರುವ ಗೋಡೆ ಒಳ್ಳೇದಾ, ಕಂಬ ಬೀಮಿನ ಫ್ರೇಮ್ ಒಳ್ಳೇದಾ?

ಒಂದೆರಡು ಮಹಡಿ, ಚಿಕ್ಕ ಚಿಕ್ಕ ಕೋಣೆ, ಮೇಲೆ ಕೆಳಗೆ ಗೋಡೆಗಳು ಒಂದೇ ಸಾಲಲ್ಲಿ, ನೆಲ ಗಟ್ಟಿ, ದೊಡ್ಡ ಭೂಕಂಪದ ಭಯವಿಲ್ಲ: ಇಷ್ಟಿದ್ದರೆ ಭಾರ ಹೊರುವ ಗೋಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಗೋಡೆ ಹೇಗೂ ಕಟ್ಟಲೇಬೇಕು, ಅದೇ ಭಾರ ಹೊತ್ತರೆ ಕಂಬದ ಖರ್ಚು ಉಳಿಯಿತು. ಭಾರವೂ ಗೋಡೆಯುದ್ದಕ್ಕೂ ಹರಡಿಕೊಂಡು ಇಳಿಯುತ್ತದೆ. ಆದರೆ ಮುಂದೆ ಆ ಗೋಡೆ ಒಡೆದು ಎರಡು ಕೋಣೆ ಒಂದು ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಎತ್ತರ ಹೋದ ಹಾಗೆ ಗೋಡೆ ಸೋಲುತ್ತದೆ. ಷಿಕಾಗೋದಲ್ಲಿ 1891ರಲ್ಲಿ ಮುಗಿದ ಮೊನಾಡ್ನಾಕ್ ಕಟ್ಟಡ 16 ಮಹಡಿಯದು. ಇಟ್ಟಿಗೆ ಗೋಡೆಗಳೇ ಭಾರ ಹೊರುತ್ತವೆ. ಬುಡದಲ್ಲಿ ಆ ಗೋಡೆಯ ದಪ್ಪ ಸುಮಾರು 1.8 ಮೀಟರ್! ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ಜಾಗವನ್ನು ಗೋಡೆಯೇ ತಿಂದಿದೆ. ಅದರ ತೂಕಕ್ಕೆ ಸುಮಾರು 20 ಸೆಂಟಿಮೀಟರ್ ಕುಸಿತ ಆಗಬಹುದು ಅಂತ ಕಟ್ಟುವವರು ಮೊದಲೇ ಲೆಕ್ಕ ಹಾಕಿದ್ದರು. ಕಟ್ಟಡ ಅದನ್ನೂ ಮೀರಿ ಕುಸಿಯಿತು. ಅದೇ ಊರಲ್ಲಿ 1885ರಲ್ಲೇ ಹತ್ತು ಮಹಡಿಯ ಹೋಮ್ ಇನ್ಶೂರೆನ್ಸ್ ಕಟ್ಟಡ ಲೋಹದ ಫ್ರೇಮಿನ ಮೇಲೆ ಎದ್ದು ನಿಂತಿತ್ತು. ಫ್ರೇಮ್ ಬಂದ ಮೇಲೆ ಗೋಡೆಗೆ ಬಿಸಿಲು ಮಳೆ ತಡೆಯುವ ಕೆಲಸ ಅಷ್ಟೇ ಉಳಿಯಿತು.

ಕಂಬಗಳ ನಡುವೆ ಎಷ್ಟು ಅಂತರ ಇಟ್ಟರೆ ಸರಿ?

ಸಾಮಾನ್ಯ ಕಾಂಕ್ರೀಟ್ ಫ್ರೇಮಿಗೆ 4ರಿಂದ 7 ಮೀಟರ್ ಹಿತವಾದ ಅಂತರ. 9, 10 ಮೀಟರ್ ದಾಟಿದರೆ ಪೋಸ್ಟ್ ಟೆನ್ಷನ್ ಸ್ಲ್ಯಾಬ್ (ಒಳಗಿನ ಉಕ್ಕಿನ ತಂತಿಗಳನ್ನು ಎಳೆದು ಬಿಗಿದ ಸ್ಲ್ಯಾಬ್) ಅಥವಾ ಉಕ್ಕಿನ ಬೀಮ್ ಬಗ್ಗೆ ಯೋಚಿಸಬೇಕು. ಇನ್ನೂ ದೊಡ್ಡ ಸಭಾಂಗಣ, ಕಾರ್ಖಾನೆ ಅಂದರೆ ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು, ಅಂದರೆ ಟ್ರಸ್.

ಅಂತರ ಸ್ವಲ್ಪ ಜಾಸ್ತಿ ಮಾಡಿದರೆ ಏನು ಮಹಾ ಅಂತ ಕೇಳುತ್ತಾರೆ. ಬೀಮಿನ ಅಳತೆ, ಅದರ ಮೇಲಿನ ಭಾರ ಹಾಗೇ ಇಟ್ಟು 6 ಮೀಟರ್ ಇದ್ದದ್ದನ್ನು 9 ಮೀಟರ್ ಮಾಡಿ. ಉದ್ದ ಒಂದೂವರೆ ಪಟ್ಟು ಆಯಿತು. ಬೀಮನ್ನು ಬಗ್ಗಿಸುವ ಒತ್ತಡ ಎರಡೂಕಾಲು ಪಟ್ಟು ಆಗುತ್ತದೆ. ಜೋತು ಬೀಳುವುದು ಐದು ಪಟ್ಟು! ಯಾಕೆಂದರೆ ಜೋಲು ಉದ್ದದ ನಾಲ್ಕನೇ ಘಾತದಂತೆ ಏರುತ್ತದೆ. ಬೀಮ್ ಮುರಿಯದೇ ಇರಬಹುದು, ಆದರೆ ಅದರ ಕೆಳಗಿನ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ, ಟೈಲ್ಸ್ ಬಿರುಕು ಬಿಡುತ್ತದೆ. ಕಂಬ ಕಡಿಮೆ ಮಾಡಿದರೆ ಉಳಿದ ಒಂದೊಂದು ಕಂಬದ ಮೇಲೂ ಭಾರ ಜಾಸ್ತಿ. ಮೆತ್ತನೆ ನೆಲದಲ್ಲಿ ಅದೇ ಪೈಲ್ ತನಕ, ಅಂದರೆ ನೆಲದಾಳಕ್ಕೆ ಇಳಿಸುವ ಕಂಬಗಳ ತನಕ, ಎಳೆದುಕೊಂಡು ಹೋಗಬಹುದು. ಸ್ಟ್ರಕ್ಚರ್ ಮತ್ತು ತಳಪಾಯ ಒಂದೇ ತೀರ್ಮಾನ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬೀಮ್ ಕಾಣದ ಫ್ಲ್ಯಾಟ್ ಸ್ಲ್ಯಾಬ್ ಹಾಕಿಸಬಹುದಾ?

ಹಾಕಿಸಬಹುದು. ಮಹಡಿಯ ಎತ್ತರ ಉಳಿಯುತ್ತದೆ, ಸೆಂಟ್ರಿಂಗ್ ಸುಲಭ, ಪೈಪು ಡಕ್ಟ್‌ಗಳಿಗೆ ಅಡ್ಡಿಯಿಲ್ಲ. ಅಪಾಯ ಇರುವುದು ಕಂಬ ಸ್ಲ್ಯಾಬಿಗೆ ಸೇರುವ ಜಾಗದಲ್ಲಿ. ಕಾಗದವನ್ನು ಬಿಗಿಯಾಗಿ ಹಿಡಿದು ಪೆನ್ಸಿಲಿಂದ ಒತ್ತಿದರೆ ತೂತಾಗುತ್ತದಲ್ವಾ, ಹಾಗೆ ಕಂಬ ಸ್ಲ್ಯಾಬನ್ನು ತೂರಿಕೊಂಡು ಬರಬಹುದು. ಇದಕ್ಕೆ ಪಂಚಿಂಗ್ ಶಿಯರ್ ಅನ್ನುತ್ತಾರೆ. ಮುನ್ಸೂಚನೆ ತುಂಬ ಕಡಿಮೆ. ಅದಕ್ಕೇ ಕಂಬದ ತಲೆಯ ಹತ್ತಿರ ಸ್ಲ್ಯಾಬ್ ದಪ್ಪ ಮಾಡುತ್ತಾರೆ, ಇಲ್ಲವೇ ಹೆಚ್ಚುವರಿ ಕಂಬಿ ಕೊಡುತ್ತಾರೆ.

ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪುಂಗ್ ಮಳಿಗೆ 1995ರ ಜೂನ್ 29ರಂದು ಕುಸಿದು 502 ಜನ ಸತ್ತರು. ಅದು ಫ್ಲ್ಯಾಟ್ ಸ್ಲ್ಯಾಬ್ ಕಟ್ಟಡ. ಕಂಬಗಳನ್ನು ತೆಳ್ಳಗೆ ಮಾಡಿದ್ದರು. ಬಳಕೆ ಬದಲಾಗಿತ್ತು. ಮೊದಲ ವಿನ್ಯಾಸದಲ್ಲಿ ಇಲ್ಲದ ಭಾರ ಮೇಲಿನ ಮಹಡಿಗೆ ಬಂದಿತ್ತು, ತಾರಸಿ ಮೇಲೆ ದೊಡ್ಡ ಏಸಿ ಯಂತ್ರಗಳಿದ್ದವು. ಪದ್ಧತಿಯದೇ ತಪ್ಪು ಅಂತ ಇದನ್ನು ಓದಬೇಡಿ. ಫ್ಲ್ಯಾಟ್ ಸ್ಲ್ಯಾಬ್ ಆರಿಸಿದ ಮೇಲೆ ಕಂಬದ ಅಳತೆಗೆ, ಕಂಬದ ಪಕ್ಕ ಬಿಡುವ ತೂತುಗಳಿಗೆ, ಬಳಕೆ ಬದಲಿಸುವುದಕ್ಕೆ ಇಂಜಿನಿಯರನ್ನು ಕೇಳದೆ ಯಾರೂ ಕೈ ಹಾಕಬಾರದು. ಪ್ಲಂಬರ್ ಒಂದು ತೂತು ಕೊರೆಯುವುದೂ ಇದರಲ್ಲಿ ಸೇರಿದೆ. ಭೂಕಂಪದ ಜಾಗಗಳಲ್ಲಿ ಇದರ ಜೊತೆ ಶಿಯರ್ ವಾಲ್, ಅಂದರೆ ಅಡ್ಡ ತಳ್ಳುವಿಕೆಯನ್ನು ತಡೆಯುವ ಕಾಂಕ್ರೀಟ್ ಗೋಡೆ, ಇರಲೇಬೇಕು.

ಕಾಂಕ್ರೀಟಾ, ಉಕ್ಕಾ, ಮರವಾ?

ಕಾಂಕ್ರೀಟ್ ಭಾರ, ಆದರೆ ಬೆಂಕಿಗೆ ಗಟ್ಟಿ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಕ್ಯೂರಿಂಗ್ (ಎರಕಕ್ಕೆ ನೀರು ಹಿಡಿದು ಒದ್ದೆ ಇಡುವುದು) ಸರಿಯಾಗಿ ಮಾಡದಿದ್ದರೆ ಕಾಗದದ ಮೇಲಿನ ಬಲ ಸೈಟಲ್ಲಿ ಬರುವುದಿಲ್ಲ. ಉಕ್ಕು ಹಗುರ, ಬೇಗ ನಿಲ್ಲುತ್ತದೆ, ಕಂಬಗಳ ಅಂತರ ಜಾಸ್ತಿ ಇರುವ ಕಡೆ ಒಳ್ಳೇದು. ಬೆಂಕಿಗೆ ಮಾತ್ರ ಹೆದರುತ್ತದೆ: 550 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದರ ಬಲ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಹಾಗಾಗಿ ಬೆಂಕಿ ತಡೆಯುವ ಲೇಪ ಅಥವಾ ಹೊದಿಕೆ ಬೇಕೇ ಬೇಕು. ದಪ್ಪ ಮರದ ತೊಲೆ ಬೆಂಕಿಯಲ್ಲಿ ನಿಧಾನವಾಗಿ, ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರ್ ಆಸುಪಾಸು ಹೊರಗಿಂದ ಕರಿಕಟ್ಟುತ್ತಾ ಹೋಗುತ್ತದೆ. ಒಳಗಿನ ತಿರುಳು ಗಟ್ಟಿಯಾಗಿಯೇ ಇರುತ್ತದೆ. ಎಷ್ಟು ಸುಡುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ದಪ್ಪ ಜಾಸ್ತಿ ಇಡಬಹುದು. ಮರಕ್ಕೆ ತೇವ ಮತ್ತು ಗೆದ್ದಲು ದೊಡ್ಡ ಶತ್ರುಗಳು.

ಮೆತ್ತನೆ ನೆಲದಲ್ಲಿ ಹಗುರ ಸ್ಟ್ರಕ್ಚರ್ ಆರಿಸಿದರೆ ತಳಪಾಯದಲ್ಲಿ ಉಳಿತಾಯ ಆಗುತ್ತದೆ. ಉಕ್ಕು ದುಬಾರಿ ಅಂತ ತಳ್ಳಿಹಾಕುವ ಮುಂಚೆ ಪೈಲಿನ ಖರ್ಚನ್ನೂ ಕೂಡಿಸಿ ನೋಡಿ.

ಪ್ರೀಕಾಸ್ಟ್ ನಂಬಬಹುದಾ?

ನಂಬಬಹುದು, ಜೋಡಣೆ ಚೆನ್ನಾಗಿದ್ದರೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಪ್ಯಾನಲ್ ಸೈಟಲ್ಲಿ ಹೊಯ್ದದ್ದಕ್ಕಿಂತ ಗುಣದಲ್ಲಿ ಮೇಲೇ ಇರುತ್ತದೆ. ಸಮಸ್ಯೆ ಬರುವುದು ಎರಡು ಪ್ಯಾನಲ್ ಸೇರುವ ಕಡೆ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಯ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟವಾಯಿತು. ಒಂದು ಗೋಡೆ ಪ್ಯಾನಲ್ ಹೊರಗೆ ಹಾರಿತು. ಅದರ ಮೇಲಿದ್ದದ್ದು ಆಧಾರ ತಪ್ಪಿ ಬಿತ್ತು, ಬಿದ್ದ ಭಾರಕ್ಕೆ ಕೆಳಗಿನವೂ ಕುಸಿದವು. ಮೂಲೆಯ ಅಷ್ಟೂ ಮಹಡಿ ಇಸ್ಪೀಟ್ ಎಲೆಗಳ ಹಾಗೆ ಇಳಿಯಿತು. ನಾಲ್ಕು ಜನ ಸತ್ತರು. ಒಂದು ಭಾಗ ಹೋದರೂ ಉಳಿದದ್ದು ನಿಲ್ಲುವ ಹಾಗೆ ಪ್ಯಾನಲ್‌ಗಳನ್ನು ಒಂದಕ್ಕೊಂದು ಕಟ್ಟಿರಬೇಕು ಅನ್ನುವ ನಿಯಮಗಳು ಆಮೇಲೆ ಬಂದವು.

ಗಾಳಿ, ಭೂಕಂಪಕ್ಕೆ ಏನು ನೋಡಬೇಕು?

ಪ್ಲಾನ್ ಸರಳ ಆಗಿರಲಿ. ಚೌಕ, ಆಯತ ಒಳ್ಳೇದು. ಇಂಗ್ಲಿಷಿನ ಎಲ್ ಅಕ್ಷರದ ಆಕಾರ ಬೇಕೇ ಬೇಕು ಅಂದರೆ ನಡುವೆ ಅಂತರ ಬಿಟ್ಟು ಎರಡು ಕಟ್ಟಡ ಮಾಡಿ. ಲಿಫ್ಟಿನ ಸುತ್ತಲಿನ ಗೋಡೆ ಅಥವಾ ಶಿಯರ್ ವಾಲ್ ಒಂದೇ ಮೂಲೆಯಲ್ಲಿದ್ದರೆ ಭೂಕಂಪದಲ್ಲಿ ಕಟ್ಟಡ ತಿರುಚಿಕೊಳ್ಳುತ್ತದೆ. ಎರಡೂ ದಿಕ್ಕಿಗೆ ಸಮನಾಗಿ ಹಂಚಿರಬೇಕು. ತಳದಿಂದ ತುದಿಯವರೆಗೆ ನಡುವೆ ಕಡಿಯದೆ ಹೋಗಬೇಕು.

ನನಗೆ ತುಂಬ ಕಳವಳ ಆಗುವುದು ನೆಲಮಹಡಿಯನ್ನು ಪಾರ್ಕಿಂಗಿಗೆ ಬಿಟ್ಟ ಕಟ್ಟಡಗಳನ್ನು ನೋಡಿದಾಗ. ಮೇಲೆಲ್ಲ ಇಟ್ಟಿಗೆ ಗೋಡೆ ತುಂಬಿ ಗಟ್ಟಿಯಾಗಿರುತ್ತದೆ, ಕೆಳಗೆ ಬರೀ ಕಂಬ. ನೆಲ ಅಲುಗಾಡಿದಾಗ ಅಷ್ಟೂ ಬಳುಕು ಆ ಒಂದೇ ಮಹಡಿಗೆ ಬರುತ್ತದೆ. ಕಂಬಗಳ ತಲೆ ಬುಡ ಅಲ್ಲೇ ಒಡೆಯುತ್ತವೆ. ಪಾರ್ಕಿಂಗ್ ಬಿಡಬೇಡಿ ಅಂತಲ್ಲ. ಆ ಮಹಡಿಯಲ್ಲಿ ಶಿಯರ್ ವಾಲ್ ಕೊಡಿ, ಕಂಬಗಳಲ್ಲಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟಿಸಿ, ರಿಂಗಿನ ಕೊಕ್ಕೆಯನ್ನು ಒಳಕ್ಕೆ ಬಗ್ಗಿಸಿದ್ದಾರಾ ನೋಡಿ. ಕಂಬ ಬೀಮಿಗಿಂತ ಬಲವಾಗಿರಬೇಕು.

ನೆಲದ ಪಾತ್ರ ಇಲ್ಲೂ ಇದೆ. 1985ರಲ್ಲಿ ಪೆಸಿಫಿಕ್ ಕರಾವಳಿಯಲ್ಲಿ ಭೂಕಂಪ ಆದಾಗ ನೂರಾರು ಕಿಲೋಮೀಟರ್ ದೂರದ ಮೆಕ್ಸಿಕೋ ನಗರಕ್ಕೆ ಭಾರೀ ಪೆಟ್ಟು ಬಿತ್ತು. ಆ ನಗರದ ನಡುಭಾಗ ನಿಂತಿರುವುದು ಹಳೇ ಕೆರೆಯಂಗಳದ ಜೇಡಿಮಣ್ಣಿನ ಮೇಲೆ. ಆ ಜೇಡಿ ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗುವ ಅಲೆಗಳನ್ನು ಹಿಗ್ಗಿಸಿತು. ಅದೇ ಲಯಕ್ಕೆ ತೂಗುವ, 6ರಿಂದ 15 ಮಹಡಿಯ ಕಟ್ಟಡಗಳು ಹೆಚ್ಚು ಬಿದ್ದವು. ಅದೇ ನೆಲದಲ್ಲಿ 1956ರಲ್ಲಿ ಕಟ್ಟಿದ 44 ಮಹಡಿಯ ಟೊರೆ ಲ್ಯಾಟಿನೋಅಮೆರಿಕಾನಾ ನಿಂತೇ ಇತ್ತು. ಅದರ ತಳಪಾಯವನ್ನೂ ಉಕ್ಕಿನ ಫ್ರೇಮನ್ನೂ ಆ ಕೆರೆಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದರು.

ಸಡಿಲ ಮರಳು, ಮೇಲೇ ಇರುವ ಅಂತರ್ಜಲ, ಭೂಕಂಪ, ಮೂರೂ ಸೇರಿದರೆ ಇನ್ನೊಂದು ಅಪಾಯ. ಅಲುಗಾಟಕ್ಕೆ ಮರಳು ನೀರಿನ ಹಾಗೆ ಆಗಿಬಿಡುತ್ತದೆ. ಜಪಾನಿನ ನಿಗಾಟಾದಲ್ಲಿ 1964ರಲ್ಲಿ ವಸತಿ ಕಟ್ಟಡಗಳು ಹೆಚ್ಚು ಒಡೆಯದೆ, ಇಡಿಯಾಗಿ ವಾಲಿ ಮಲಗಿದವು.

ಎಷ್ಟು ಎತ್ತರಕ್ಕೆ ಯಾವ ಪದ್ಧತಿ?

ಕೆಲವು ಮಹಡಿಗಳಿಗೆ ಬರೀ ಫ್ರೇಮ್ ಸಾಕು. ಹತ್ತು ಹನ್ನೆರಡು ದಾಟಿದರೆ ಫ್ರೇಮಿನ ಜೊತೆ ಶಿಯರ್ ವಾಲ್. ಇನ್ನೂ ಮೇಲೆ ಹೋದರೆ ಕಟ್ಟಡದ ಹೊರಮೈಯನ್ನೇ ಒಂದು ಕೊಳವೆಯ ಹಾಗೆ ಬಲಪಡಿಸುವ ಟ್ಯೂಬ್ ಪದ್ಧತಿ. ಇದನ್ನು ಬೆಳೆಸಿದವರು ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್. 1969ರಲ್ಲಿ ಮುಗಿದ ಅವರ ನೂರು ಮಹಡಿಯ ಜಾನ್ ಹ್ಯಾನ್‌ಕಾಕ್ ಸೆಂಟರ್‌ಗೆ ಚದರ ಮೀಟರ್‌ಗೆ ಸುಮಾರು 145 ಕಿಲೋ ಉಕ್ಕು ಸಾಕಾಯಿತು. ಅದಕ್ಕಿಂತ ಹಳೆಯ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಸುಮಾರು 206 ಕಿಲೋ ಹಿಡಿದಿತ್ತು. 828 ಮೀಟರಿನ ಬುರ್ಜ್ ಖಲೀಫಾದಲ್ಲಿ ಮೂರು ರೆಕ್ಕೆಗಳು ನಡುವಿನ ಗಟ್ಟಿ ತಿರುಳಿಗೆ ಊರೆಗೋಲಿನ ಹಾಗೆ ಆತುಕೊಂಡಿವೆ. ಕೆಳಗೆ 3.7 ಮೀಟರ್ ದಪ್ಪದ ರಾಫ್ಟ್ (ಇಡೀ ಕಟ್ಟಡದಡಿ ಹರಡಿದ ಒಂದೇ ಕಾಂಕ್ರೀಟ್ ಹಾಸು), ಅದರ ಕೆಳಗೆ 192 ಪೈಲ್.

ಮಣ್ಣು ಪರೀಕ್ಷೆ ನಿಜವಾಗಲೂ ಬೇಕಾ? ನೋಡಿದರೇ ಗೊತ್ತಾಗಲ್ವಾ ಗಟ್ಟಿ ನೆಲ ಅಂತ?

ಬೇಕು. ನೋಡಿದರೆ ಗೊತ್ತಾಗುವುದು ಮೇಲಿನ ಒಂದು ಮೀಟರ್ ಅಷ್ಟೇ.

ಒಂದು ಸೈಟಿನಲ್ಲಿ ಐದು ಕಡೆ ಕೊರೆಸುವುದಿತ್ತು. ನಾಲ್ಕು ಮೂಲೆ, ಒಂದು ನಡುವೆ. ನಾಲ್ಕರಲ್ಲೂ ಗಟ್ಟಿ ಕೆಂಪು ಮಣ್ಣು ಬಂತು. ಇನ್ನೊಂದು ಯಾಕೆ, ಸುಮ್ನೆ ಖರ್ಚು ಅಂದರು ಮಾಲೀಕರು. ನಾನು ಬಿಡಲಿಲ್ಲ. ಐದನೆಯದರಲ್ಲಿ ನಾಲ್ಕೂವರೆ ಮೀಟರ್ ಆಳಕ್ಕೆ ಹೋದಾಗ ಸುತ್ತಿಗೆಯ ಸದ್ದೇ ಬದಲಾಯಿತು. ಠಣ್ ಅನ್ನುತ್ತಿದ್ದದ್ದು ದೊಪ್ ಅಂತು. ಎರಡು ಪೆಟ್ಟಿಗೆ ಕೊಳವೆ ಸಲೀಸಾಗಿ ಇಳಿದುಹೋಯಿತು. ಮೇಲೆ ಎತ್ತಿ ಕೊಳವೆಯನ್ನು ಎರಡು ಹೋಳಾಗಿ ಬಿಚ್ಚಿದಾಗ ಒಳಗೆ ಕಪ್ಪು ಕೆಸರು. ಕೊಳೆತ ಎಲೆಯ ವಾಸನೆ. ಬೆರಳಲ್ಲಿ ಕೆದಕಿದರೆ ಜೊಂಡಿನ ನಾರು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಯಾವತ್ತೋ ಮುಚ್ಚಿದ ಹೊಂಡ. ಅದರ ಮೇಲೆ ಲಿಫ್ಟಿನ ಭಾರದ ಗೋಡೆ ಬರುವುದಿತ್ತು. ಮಾಲೀಕರು ಆ ಕೆಸರನ್ನು ಕೈಗೆ ತೆಗೆದುಕೊಂಡು ಹಿಸುಕಿ ನೋಡಿದರು. ಮತ್ತೆ ಖರ್ಚಿನ ಮಾತು ಎತ್ತಲಿಲ್ಲ.

ಆ ಪರೀಕ್ಷೆ ತುಂಬ ಸರಳ. 63.5 ಕಿಲೋ ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಕೊಳವೆ 45 ಸೆಂಟಿಮೀಟರ್ ಇಳಿಯುವವರೆಗೆ ಪೆಟ್ಟು ಎಣಿಸುತ್ತಾರೆ. ಮೊದಲ 15 ಬಿಟ್ಟು ಉಳಿದ 30 ಸೆಂಟಿಮೀಟರಿನ ಪೆಟ್ಟುಗಳೇ ಎನ್ ಸಂಖ್ಯೆ. ಮರಳಿನಲ್ಲಿ ಅದು 10ಕ್ಕಿಂತ ಕಡಿಮೆ ಇದ್ದರೆ ಸಡಿಲ, 30 ದಾಟಿದರೆ ಬಿಗಿ. ಇದರ ಜೊತೆಗೆ ನೀರು ಎಷ್ಟು ಆಳದಲ್ಲಿದೆ, ಮಳೆಗಾಲದಲ್ಲಿ ಎಲ್ಲಿವರೆಗೆ ಏರುತ್ತದೆ, ಮಣ್ಣಿನಲ್ಲಿ ಕಾಂಕ್ರೀಟನ್ನು ತಿನ್ನುವ ಸಲ್ಫೇಟ್ ಇದೆಯಾ ಅನ್ನುವುದೂ ವರದಿಯಲ್ಲಿರಬೇಕು.

ಎಷ್ಟು ಆಳ ಕೊರೆಸಬೇಕು?

ಫೂಟಿಂಗ್ ಅಗಲದ ಎರಡು ಪಟ್ಟು ಆಳದಲ್ಲಿ ಅದರ ಒತ್ತಡ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 2 ಮೀಟರ್ ಅಗಲದ ಫೂಟಿಂಗ್ 4 ಮೀಟರ್ ಕೆಳಗಿನವರೆಗೆ ಮಣ್ಣನ್ನು ಒತ್ತುತ್ತದೆ. 20 ಮೀಟರ್ ಅಗಲದ ರಾಫ್ಟ್ 40 ಮೀಟರ್‌ವರೆಗೆ ಒತ್ತುತ್ತದೆ. ಕೊರೆಯುವ ಆಳವನ್ನು ಇದರಿಂದಲೇ ಅಂದಾಜು ಮಾಡಬೇಕು. ಚಿಕ್ಕ ತಟ್ಟೆ ಇಟ್ಟು ಭಾರ ಹೇರಿ ನೋಡುವ ಪ್ಲೇಟ್ ಲೋಡ್ ಟೆಸ್ಟ್ ಒಂದನ್ನೇ ನಂಬಬಾರದು ಅನ್ನುವುದೂ ಇದಕ್ಕೇ. ಅರ್ಧ ಮೀಟರ್ ತಟ್ಟೆಗೆ ಒಂದು ಮೀಟರಿನ ಆಚೆ ಏನಿದೆ ಅಂತ ಗೊತ್ತಾಗುವುದೇ ಇಲ್ಲ.

ಕೆನಡಾದ ಟ್ರಾನ್ಸ್‌ಕೋನಾ ಧಾನ್ಯದ ಕಣಜ ಇದನ್ನು ಕಲಿಸಿತು. ಅಲ್ಲಿ ಮೇಲ್ಭಾಗದ ಗಟ್ಟಿ ಜೇಡಿಯನ್ನು ಪರೀಕ್ಷಿಸಿ ರಾಫ್ಟ್ ಹಾಕಿದ್ದರು. ಅದರಡಿಯ ಮೆತ್ತನೆ ಜೇಡಿ ಲೆಕ್ಕಕ್ಕೇ ಬಂದಿರಲಿಲ್ಲ. 1913ರ ಅಕ್ಟೋಬರಿನಲ್ಲಿ ಧಾನ್ಯ ತುಂಬುತ್ತಿದ್ದಾಗ ಕಣಜ ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿತು. ಕಣಜ ಮಾತ್ರ ಒಡೆಯಲಿಲ್ಲ. ಮುಂದೆ ಅದರಡಿಗೆ ಬಂಡೆವರೆಗೆ ಕಂಬ ಇಳಿಸಿ ನೆಟ್ಟಗೆ ನಿಲ್ಲಿಸಿದರು. ಸ್ಟ್ರಕ್ಚರ್ ಎಷ್ಟು ಗಟ್ಟಿ ಇದ್ದರೂ ನೆಲ ಸೋತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ.

ಪಕ್ಕದ ಸೈಟಿನ ವರದಿ ಇದೆ. ಅದೇ ಸಾಕಲ್ವಾ?

ಸಾಲದು. ಮೇಲೆ ಹೇಳಿದ ಹೊಂಡ ಗಟ್ಟಿ ಮಣ್ಣಿನ ಬೋರಿನಿಂದ ಹದಿನೈದು ಹೆಜ್ಜೆ ದೂರದಲ್ಲಿತ್ತು.

ಬಿಡಿ ಫೂಟಿಂಗ್ ಯಾವಾಗ, ರಾಫ್ಟ್ ಯಾವಾಗ?

ಒಂದು ಲೆಕ್ಕ ಮಾಡಿ ನೋಡೋಣ. ಕಂಬಗಳು ಎರಡೂ ದಿಕ್ಕಿಗೆ 5 ಮೀಟರ್ ಅಂತರದಲ್ಲಿವೆ. ಒಂದು ಕಂಬದ ಪಾಲಿಗೆ 25 ಚದರ ಮೀಟರ್. ನಾಲ್ಕು ಮಹಡಿ, ಚದರ ಮೀಟರ್‌ಗೆ 1.1 ಟನ್. ಕಂಬದ ಬುಡಕ್ಕೆ 110 ಟನ್ ಬಂತು. ಮಣ್ಣು ಚದರ ಮೀಟರ್‌ಗೆ 20 ಟನ್ ತಡೆಯುತ್ತದೆ ಅಂದರೆ 5.5 ಚದರ ಮೀಟರ್ ಬೇಕು. ಅಂದರೆ ಸುಮಾರು 2.4 ಮೀಟರಿನ ಚೌಕ. ಆರಾಮಾಗಿ ಬಿಡಿ ಫೂಟಿಂಗ್ ಕೂರುತ್ತದೆ.

ಅದೇ ಮಣ್ಣು 8 ಟನ್ ಮಾತ್ರ ತಡೆಯುತ್ತದೆ ಅನ್ನಿ. ಆಗ ಸುಮಾರು 13.8 ಚದರ ಮೀಟರ್ ಬೇಕು, 3.7 ಮೀಟರಿನ ಚೌಕ. 25 ಚದರ ಮೀಟರಿನಲ್ಲಿ ನೂರಕ್ಕೆ 55 ಭಾಗದಷ್ಟು ಜಾಗ ಫೂಟಿಂಗಿಗೇ ಹೋಯಿತು. ಅರ್ಧ ದಾಟಿತು ಅಂದರೆ ಬಿಡಿಬಿಡಿಯಾಗಿ ಅಗೆಯುವುದಕ್ಕಿಂತ ಒಂದೇ ರಾಫ್ಟ್ ಹಾಕುವುದು ಒಳ್ಳೇದು ಅನ್ನುವುದು ಇಂಜಿನಿಯರ್‌ಗಳ ಹಳೇ ವಾಡಿಕೆ. ನೆಲ ಅಲ್ಲಲ್ಲಿ ಮೆತ್ತಗಿದ್ದರೂ ರಾಫ್ಟ್ ಆ ವ್ಯತ್ಯಾಸವನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ಎರಡು ಕಂಬ ತೀರಾ ಹತ್ತಿರ ಇದ್ದರೆ, ಅಥವಾ ಒಂದು ಕಂಬ ಸೈಟಿನ ಗಡಿಗೇ ಅಂಟಿಕೊಂಡಿದ್ದರೆ, ಎರಡಕ್ಕೂ ಸೇರಿ ಒಂದೇ ಫೂಟಿಂಗ್ ಕೊಡುತ್ತಾರೆ.

ಪೈಲ್ ಯಾವಾಗ ಬೇಕು? ಪೈಲ್ ಹಾಕಿದರೆ ಯಾವ ಚಿಂತೆಯೂ ಇಲ್ಲ ಅಲ್ವಾ?

ಮೇಲಿನ ಮಣ್ಣು ಭಾರ ತಡೆಯದಿದ್ದಾಗ, ಕುಸಿತ ಮಿತಿ ಮೀರುವಾಗ, ನೀರು ಮಣ್ಣನ್ನು ಕೊರೆದುಕೊಂಡು ಹೋಗುವ ಜಾಗದಲ್ಲಿ, ಎತ್ತರದ ಕಟ್ಟಡವನ್ನು ಗಾಳಿ ಒಂದು ಬದಿಯಿಂದ ಮೇಲಕ್ಕೆತ್ತುವಾಗ ಪೈಲ್ ಬೇಕು. ಪೈಲ್ ಎರಡು ರೀತಿಯಲ್ಲಿ ಭಾರ ಹೊರುತ್ತದೆ. ತುದಿ ಬಂಡೆಗೆ ಊರಿ ನಿಲ್ಲುವುದು ಒಂದು, ಮೈಗೆ ಸುತ್ತಲಿನ ಮಣ್ಣಿನ ಹಿಡಿತ ಸಿಗುವುದು ಇನ್ನೊಂದು.

ಚಿಂತೆಯೇ ಇಲ್ಲ ಅನ್ನುವ ಹಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ 58 ಮಹಡಿಯ ಮಿಲೇನಿಯಂ ಟವರ್‌ನ ಪೈಲ್‌ಗಳು ಬಿಗಿ ಮರಳಿನ ಪದರದಲ್ಲಿ ನಿಂತಿದ್ದವು, ಬಂಡೆಯವರೆಗೆ ಹೋಗಿರಲಿಲ್ಲ. ಕಟ್ಟಡ 2009ರಲ್ಲಿ ತೆರೆಯಿತು. 2016ರ ಹೊತ್ತಿಗೆ ಸುಮಾರು 40 ಸೆಂಟಿಮೀಟರ್ ಇಳಿದಿತ್ತು, ವಾಲಿಯೂ ಇತ್ತು. ಆಮೇಲೆ ಬಂಡೆವರೆಗೆ ಹೊಸ ಪೈಲ್ ಇಳಿಸಿ ಸರಿಪಡಿಸಬೇಕಾಯಿತು.

ಇನ್ನೊಂದು ಮಾತು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಹೊಸದಾಗಿ ಮಣ್ಣು ತುಂಬಿದ ಜಾಗದಲ್ಲಿ ಆ ಮಣ್ಣು ಕುಸಿಯುತ್ತಾ ಪೈಲನ್ನೂ ಕೆಳಕ್ಕೆ ಎಳೆಯುತ್ತದೆ. ಹಿಡಿದುಕೊಳ್ಳಬೇಕಾದ ಮಣ್ಣೇ ಜೋತುಬಿದ್ದ ಹಾಗೆ. ಈ ಭಾರವನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೊರೆದು ಎರಕ ಹೊಯ್ಯುವ ಪೈಲಿನಲ್ಲಿ ಗುಂಡಿಯ ತಳ ತೊಳೆಯುವುದೇ ಮುಖ್ಯ ಕೆಲಸ. ತಳದಲ್ಲಿ ಒಂದು ಗೇಣು ಕೆಸರು ಉಳಿದರೆ ಪೈಲ್ ಬಂಡೆಯ ಮೇಲಲ್ಲ, ಕೆಸರಿನ ಮೇಲೆ ನಿಂತಿರುತ್ತದೆ. ಹೊಡೆದು ಇಳಿಸುವ ಪೈಲ್ ಬೇಗ ಆಗುತ್ತದೆ, ಆದರೆ ಸದ್ದು ಮತ್ತು ನಡುಕ ಪಕ್ಕದ ಹಳೇ ಕಟ್ಟಡಕ್ಕೆ ಆಗದು. ಯಾವುದೇ ಇರಲಿ, ಕೆಲವು ಪೈಲ್‌ಗಳ ಮೇಲೆ ಭಾರ ಹೇರಿ ಪರೀಕ್ಷೆ ಮಾಡಿಸಲೇಬೇಕು.

ಕಟ್ಟಡ ಸ್ವಲ್ಪ ಕುಸಿದರೆ ಅಪಾಯವಾ?

ಎಲ್ಲ ಕಟ್ಟಡವೂ ಸ್ವಲ್ಪ ಕುಸಿಯುತ್ತದೆ. ಇಡೀ ಕಟ್ಟಡ ಸಮನಾಗಿ 25 ಮಿಲಿಮೀಟರ್ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕಂಬ ಇಳಿದು ಪಕ್ಕದ್ದು ಇಳಿಯದಿದ್ದರೆ ತೊಂದರೆ. ಆ ವ್ಯತ್ಯಾಸ ಕಂಬಗಳ ಅಂತರದ 300ನೇ ಒಂದು ಭಾಗ ಮುಟ್ಟಿದರೆ ಗೋಡೆಗಳು ಬಿರುಕು ಬಿಡಲು ಶುರು. 6 ಮೀಟರ್ ಅಂತರಕ್ಕೆ ಅದು 20 ಮಿಲಿಮೀಟರ್, ಒಂದು ಬೆರಳಿನ ಅಗಲ. 150ನೇ ಒಂದು ಭಾಗಕ್ಕೆ ಹೋದರೆ ಕಂಬ ಬೀಮುಗಳಿಗೇ ಪೆಟ್ಟು.

ಬಿರುಕನ್ನು ಓದಲು ಕಲಿಯಿರಿ. ಪ್ಲಾಸ್ಟರಿನ ಮೇಲೆ ಜೇಡರ ಬಲೆಯ ಹಾಗೆ ಕೂದಲೆಳೆ ಬಿರುಕಿದ್ದರೆ ಒಣಗಿದ್ದರಿಂದ ಬಂದದ್ದು. ಕಿಟಕಿಯ ಮೂಲೆಯಿಂದ ಇಟ್ಟಿಗೆ ಸಾಲಿನ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹತ್ತುವ, ಒಂದು ತುದಿಯಲ್ಲಿ ಅಗಲ ಇನ್ನೊಂದು ತುದಿಯಲ್ಲಿ ಸಣ್ಣ ಆಗಿರುವ ಬಿರುಕಾದರೆ ತಳಪಾಯದ ಕಡೆ ನೋಡಿ. ಅದರ ಮೇಲೆ ಗಾಜಿನ ತೆಳು ಪಟ್ಟಿ ಅಂಟಿಸಿ ತಾರೀಕು ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ.

ಪೀಸಾದ ಗೋಪುರದ ಕೆಲಸ 1173ರಲ್ಲಿ ಶುರುವಾಯಿತು. ಮೂರನೇ ಅಂತಸ್ತಿಗೆ ಬರುವಷ್ಟರಲ್ಲೇ ವಾಲಿತು. ತಳಪಾಯದ ಆಳ ಬರೀ 3 ಮೀಟರ್ ಆಸುಪಾಸು. ಕೆಲಸ ಸುಮಾರು ನೂರು ವರ್ಷ ನಿಂತುಹೋದದ್ದೇ ಒಳ್ಳೆಯದಾಯಿತು, ಅಷ್ಟರಲ್ಲಿ ಜೇಡಿ ನೀರು ಬಿಟ್ಟು ಗಟ್ಟಿಯಾಯಿತು. 1990ರಲ್ಲಿ ಜನರಿಗೆ ಮುಚ್ಚಿ, ಎತ್ತರವಿದ್ದ ಬದಿಯ ಅಡಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ವಾಲಿದ್ದನ್ನು ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ತಂದರು. 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು.

ಎರೆಮಣ್ಣಿನ ನೆಲದಲ್ಲಿ ಏನು ಮಾಡಬೇಕು?

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಹಗುರ ಕಟ್ಟಡವನ್ನು ಎತ್ತಿಬಿಡುವ ಬಲ ಅದಕ್ಕಿದೆ. ತಳಪಾಯವನ್ನು ತೇವ ಬದಲಾಗದ ಆಳಕ್ಕೆ ಇಳಿಸಬೇಕು. ಬುಡದಲ್ಲಿ ಗಡ್ಡೆಯ ಹಾಗೆ ಅಗಲ ಆಗುವ ಅಂಡರ್ ರೀಮ್ಡ್ ಪೈಲ್ ಇದಕ್ಕೆ ಹೇಳಿ ಮಾಡಿಸಿದ್ದು. ಗಡ್ಡೆಯ ಅಗಲ ಸಾಮಾನ್ಯವಾಗಿ ಪೈಲಿನ ಎರಡೂವರೆ ಪಟ್ಟು. ಮೇಲಿನ ಮಣ್ಣು ಎತ್ತಿದರೂ ಗಡ್ಡೆ ಲಂಗರಿನ ಹಾಗೆ ಹಿಡಿದುಕೊಳ್ಳುತ್ತದೆ. ಪೈಲ್‌ಗಳನ್ನು ಜೋಡಿಸುವ ಬೀಮಿನ ಅಡಿಯಲ್ಲಿ ಮಣ್ಣು ಉಬ್ಬಲು ಜಾಗ ಬಿಡಿ. ಪಾಯದ ಸುತ್ತ ನೀರು ನಿಲ್ಲಬಾರದು, ಪೈಪು ಸೋರಬಾರದು, ದೊಡ್ಡ ಮರ ಗೋಡೆಗೆ ಹತ್ತಿರ ಬೇಡ.

ನೆಲಮಾಳಿಗೆ ಮಾಡಿದರೆ ತಳಪಾಯಕ್ಕೆ ಲಾಭವಾ ನಷ್ಟವಾ?

ಎರಡೂ ಇದೆ. 3 ಮೀಟರ್ ಅಗೆದರೆ ಚದರ ಮೀಟರ್‌ಗೆ ಸುಮಾರು 5.4 ಟನ್ ಮಣ್ಣು ಹೊರಗೆ ಹೋಯಿತು. ಅಷ್ಟು ಭಾರವನ್ನು ಕೆಳಗಿನ ನೆಲ ಮೊದಲೇ ಹೊತ್ತು ಅಭ್ಯಾಸವಾಗಿದೆ. ಅದರ ಬದಲು ನಾಲ್ಕು ಮಹಡಿ ನಿಲ್ಲಿಸಿದರೆ ಹೆಚ್ಚು ಕಡಿಮೆ ಸರಿದೂಗುತ್ತದೆ. ಮೆತ್ತನೆ ನೆಲದಲ್ಲಿ ಇದು ತುಂಬ ಚಂದದ ಉಪಾಯ.

ನಷ್ಟ ನೀರಿನದು. ಅಂತರ್ಜಲ ನೆಲಮಾಳಿಗೆಯ ತಳಕ್ಕಿಂತ 3 ಮೀಟರ್ ಮೇಲಿದ್ದರೆ ಚದರ ಮೀಟರ್‌ಗೆ 3 ಟನ್ ಬಲದಲ್ಲಿ ಕಟ್ಟಡವನ್ನು ಮೇಲಕ್ಕೆ ಎತ್ತುತ್ತದೆ. ಮೇಲಿನ ಮಹಡಿಗಳು ಇನ್ನೂ ಎದ್ದಿಲ್ಲ, ಸೈಟಿನ ಪಂಪು ನಿಲ್ಲಿಸಿದರು ಅನ್ನಿ, ಖಾಲಿ ನೆಲಮಾಳಿಗೆ ದೋಣಿಯ ಹಾಗೆ ತೇಲಬಹುದು. ಎಷ್ಟು ಮಹಡಿ ಮುಗಿದ ಮೇಲೆ ಪಂಪು ನಿಲ್ಲಿಸಬಹುದು ಅನ್ನುವುದು ಡ್ರಾಯಿಂಗಿನಲ್ಲೇ ಬರೆದಿರಬೇಕು.

ಹಳೇ ಕಟ್ಟಡಕ್ಕೆ ಅಂಟಿಕೊಂಡು ಹೊಸದು ಕಟ್ಟಬಹುದಾ?

ಹಳೆಯದರ ತಳಪಾಯಕ್ಕಿಂತ ಆಳ ಅಗೆದರೆ ಅದರ ಅಡಿಯ ಮಣ್ಣು ಜಾರುತ್ತದೆ. ಮೊದಲು ಅದರ ತಳಪಾಯ ಎಷ್ಟು ಆಳ ಇದೆ ಅಂತ ಸಣ್ಣ ಗುಂಡಿ ತೋಡಿ ನೋಡಿ. ಆಳ ಹೋಗಲೇಬೇಕಾದರೆ ತಡೆಗೋಡೆ ಇಳಿಸಿ, ತುಂಡು ತುಂಡಾಗಿ ಅಗೆಯಿರಿ. ಹೊಸದು ಕುಸಿಯುತ್ತದೆ, ಹಳೆಯದು ಕುಸಿದು ಮುಗಿದಿರುತ್ತದೆ. ಅದಕ್ಕೆ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕದೆ ನಡುವೆ ಸಂದು ಬಿಡಿ.

ಒಂದೇ ಕಟ್ಟಡಕ್ಕೆ ಅರ್ಧ ಫೂಟಿಂಗ್, ಅರ್ಧ ಪೈಲ್ ಹಾಕಬಹುದಾ?

ನಡುವೆ ಸಂದು ಕೊಟ್ಟು ಎರಡು ಭಾಗ ಮಾಡದೆ ನಾನು ಒಪ್ಪುವುದಿಲ್ಲ. ಫೂಟಿಂಗ್ ಮೇಲಿನ ಭಾಗ ಇಳಿಯುತ್ತದೆ, ಪೈಲ್ ಮೇಲಿನದು ಇಳಿಯುವುದಿಲ್ಲ. ಎರಡೂ ಸೇರುವ ಕಡೆ ಬಿರುಕು ಖಂಡಿತ.

ಈಗ ಎರಡು ಮಹಡಿ. ಮುಂದೆ ಇನ್ನೆರಡು ಏರಿಸಬೇಕು ಅಂತಿದೆ. ಏನು ಮಾಡಲಿ?

ತಳಪಾಯ ಮತ್ತು ಕಂಬಗಳನ್ನು ಈಗಲೇ ನಾಲ್ಕು ಮಹಡಿಗೆ ಹಾಕಿಸಿ. ಆಮೇಲೆ ಬಲಪಡಿಸುವುದಕ್ಕಿಂತ ಈಗ ಸೇರಿಸುವುದು ಎಷ್ಟೋ ಅಗ್ಗ. ತಾರಸಿಯ ಮೇಲೆ ಬಿಟ್ಟ ಕಂಬಿಗಳಿಗೆ ತುಕ್ಕು ಹಿಡಿಯದ ಹಾಗೆ ಸಿಮೆಂಟ್ ಹಾಲು ಬಳಿದು, ಸಿಮೆಂಟ್ ಕಡಿಮೆ ಹಾಕಿದ ಬಡ ಕಾಂಕ್ರೀಟಿನಿಂದ ಮುಚ್ಚಿ. ಅಗೆದ ಗುಂಡಿ, ಕಟ್ಟಿದ ಕಂಬಿ, ಪೈಲಿನ ಆಳ, ಇವುಗಳ ಫೋಟೋ ತೆಗೆದು ಡ್ರಾಯಿಂಗ್, ಮಣ್ಣಿನ ವರದಿ ಜೊತೆ ಮನೆ ಪತ್ರಗಳ ಕಟ್ಟಿನಲ್ಲೇ ಇಡಿ. ಇಪ್ಪತ್ತು ವರ್ಷ ಬಿಟ್ಟು ಬರುವ ಇಂಜಿನಿಯರ್ ಮೊದಲು ಕೇಳುವುದು ಆ ಕಾಗದಗಳನ್ನೇ. ಅವು ಸಿಕ್ಕದಿದ್ದರೆ ಫೂಟಿಂಗ್ ಎಷ್ಟು ದೊಡ್ಡದಿದೆ ಅಂತ ನೋಡಲು ನಿಮ್ಮ ನಡುಮನೆಯ ನೆಲ ಒಡೆಯಬೇಕಾಗುತ್ತದೆ.